ಮದುವೆಯಾದ ಮಗಳಿಗೆ ಎಷ್ಟು ದಿನ

ನಾನು ಹೊಟ್ಟೆಪಾಡಿಗೆ ಕಾಲೇಜಿನಲ್ಲಿ ಪ್ರಾಚೀನ ಚೀನೀ ತತ್ತ್ವಶಾಸ್ತ್ರದ ಪಾಠ ಹೇಳುವವಳು. ಆ ವರ್ಷ ತಿಂಗಳಿಗೊಂದು ಭಾನುವಾರ ಹೋಬೋಕನ್‌ನಿಂದ ಓಲ್ಡ್ ಬ್ರಿಡ್ಜ್‌ಗೆ ಡ್ರೈವ್ ಮಾಡಿಕೊಂಡು ಹೋಗಿ, ನಿವೃತ್ತ ಎಂಜಿನಿಯರ್ ಅಂಕಲ್ ಒಬ್ಬರ ಬೇಸ್‌ಮೆಂಟಿನಲ್ಲಿ ಕನ್ನಡದವರ ಸಣ್ಣ ಗುಂಪಿಗೆ ಒಂದೊಂದು ಸಲ ಒಂದೊಂದು ಚೀನೀ ಪದ ವಿವರಿಸುತ್ತಿದ್ದೆ. ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಪದ ನನ್ನ ಬಾಯಿಂದ ಹೊರಬೀಳುವುದೇ ತಡ, ಅಂಕಲ್ ಅದಕ್ಕೊಂದು ಜನಿವಾರ ಹಾಕಿಬಿಡುತ್ತಿದ್ದರು. ದಾವ್ ಅಂದರೆ ಬ್ರಹ್ಮ. ಯಾವುದನ್ನೂ ಬಲವಂತವಾಗಿ ಮಾಡದಿರುವ ವೂ-ವೇ ಅಂದರೆ ನಿಷ್ಕಾಮ ಕರ್ಮ. ಮನುಷ್ಯ ಮನುಷ್ಯನಿಗೆ ತೋರಬೇಕಾದ ಅಂತಃಕರಣ ರೆನ್. ಅಂದರೆ ದಯೆ, ಅದು ನಮ್ಮಲ್ಲಿ ಬೇಕಾದಷ್ಟಿದೆ, ಮುಂದಕ್ಕೆ ಹೋಗಿ.

“ನಮ್ಮಲ್ಲಿ ಇಲ್ದೇ ಇರೋದು ಒಂದಾದ್ರೂ ಹೇಳಿ ಮೇಡಂ” ಎಂದು ನಗುತ್ತಿದ್ದರು. ಉಳಿದವರೂ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹೋಗುತ್ತಿದ್ದೆ, ಆಂಟಿ ಮಾಡುವ ತಿಂಡಿಯ ಆಸೆಗೆ. ಆಂಟಿ ಮಾತ್ರ ಒಂದು ದಿನವೂ ನಮ್ಮ ಜೊತೆ ಕೂತವರಲ್ಲ. ತಟ್ಟೆಗಳನ್ನು ಇಟ್ಟು ಮೇಲೆ ಹೋಗಿಬಿಡುವರು.

ಒಂದು ಭಾನುವಾರ ಲಿ ಪದದ ಸರದಿ ಬಂತು. ಹುಟ್ಟು, ಮದುವೆ, ಸಾವುಗಳಲ್ಲಿ ಮನುಷ್ಯ ನಡೆದುಕೊಳ್ಳಬೇಕಾದ ಕ್ರಮಕ್ಕೆ ಲಿ ಎನ್ನುತ್ತಾರೆ. ಅಪ್ಪನೋ ಅಮ್ಮನೋ ಸತ್ತರೆ ಮಗ ಮೂರು ವರ್ಷ ಶೋಕ ಆಚರಿಸಬೇಕು, ರುಚಿಯಾದದ್ದು ತಿನ್ನಬಾರದು, ಸಂಗೀತ ಕೇಳಬಾರದು ಎಂದು ಉದಾಹರಣೆ ಕೊಟ್ಟೆ. ಅಂಕಲ್ ಕಣ್ಣು ಅರಳಿತು. ತಮ್ಮ ತಾಯಿ ಹೋದಾಗ ಒಂದು ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ, ಯಾರ ಮದುವೆಗೂ ಹೋಗಲಿಲ್ಲ ಎಂದು ವರ್ಣಿಸಿದರು. ಆ ತಾಯಿ ಕೊನೆಗಾಲದಲ್ಲಿ ಮಲಗಿದ್ದದ್ದು ನಾವು ಕೂತಿದ್ದ ಬೇಸ್‌ಮೆಂಟಿನಲ್ಲೇ. ಅವರ ಡಯಾಪರ್ ಬದಲಿಸಿದವರು ಆಂಟಿ. ಆ ಭಾಗ ಅಂಕಲ್ ವರ್ಣನೆಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಆಂಟಿ ಕೇಸರಿಬಾತ್ ಹಿಡಿದು ಇಳಿದು ಬಂದು ಎಲ್ಲರಿಗೂ ಕೊಟ್ಟರು. ಕಣ್ಣು ಊದಿಕೊಂಡಿತ್ತು. ಹುಷಾರಿಲ್ಲವೇ ಎಂದು ಕೇಳಿದೆ.

“ಅಮ್ಮ ಹೋಗ್ಬಿಟ್ರು ಕಣಮ್ಮ. ಬುಧವಾರ. ಮೈಸೂರಲ್ಲಿ.”

ಚಮಚಗಳು ನಿಂತವು.

“ಮದ್ವೆಯಾದ ಹೆಣ್ಣುಮಕ್ಕಳಿಗೆ ಮೂರೇ ದಿನ ಸೂತಕ” ಎಂದು ಅಂಕಲ್ ಅವಸರದಲ್ಲಿ ಸಮಜಾಯಿಷಿ ಕೊಟ್ಟರು. “ನಿನ್ನೆ ಸ್ನಾನ ಆಯ್ತು, ಎಲ್ಲಾ ಕ್ಲೀನ್. ತಗೊಳ್ಳಿ, ತಗೊಳ್ಳಿ.”

ತಿಂದರೆ ಮೈಲಿಗೆಯಿಲ್ಲ ಎಂದು ಖಾತ್ರಿಯಾದ ಮೇಲೆ ಚಮಚಗಳು ಮತ್ತೆ ಆಡಿದವು. ನಾಚಿಕೆಗೆಟ್ಟ ಜನ.

ಆಂಟಿ ಮೆಟ್ಟಿಲ ಬಳಿ ನಿಂತೇ ಇದ್ದರು. “ಅಣ್ಣ ಕರೀತಿದಾನೆ. ಹದಿಮೂರನೇ ದಿನಕ್ಕಾದ್ರೂ ಹೋಗ್ಬರ್ತೀನಿ ಅಂತಿದೀನಿ” ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

“ಬರೋ ಭಾನುವಾರ ಜೆರಿಕೋದಲ್ಲಿ ಮಗಳ ಗೃಹಪ್ರವೇಶ. ಹಾಲು ಉಕ್ಕಿಸೋಕೆ ತಾಯೀನೇ ಇಲ್ದಿದ್ರೆ ಹೇಗೆ?” ಅಂಕಲ್ ನನ್ನನ್ನೇ ಕೇಳಿದರು. “ಶಾಸ್ತ್ರಾನೇ ಅನುಕೂಲ ಮಾಡಿಕೊಟ್ಟಿದೆ, ಮೂರು ದಿನಕ್ಕೆ ಬಿಟ್ಟಿದೆ. ಅಲ್ಲಿ ಹೋಗಿ ಇವಳು ಮಾಡೋದೇನಿದೆ? ಇವಳು ಆ ಮನೆಯವಳಲ್ವಲ್ಲ.”

“ಆಂಟೀನ ಕಳಿಸಿ ಅಂಕಲ್. ಹಾಲು ನಾನು ಬಂದು ಉಕ್ಕಿಸ್ತೀನಿ” ಎಂದೆ, ಸಿಟ್ಟಿನಲ್ಲೇ.

“ಅದಕ್ಕೆ ಮುತ್ತೈದೆ ಆಗ್ಬೇಕು ಮೇಡಂ, ತಪ್ಪು ತಿಳ್ಕೋಬೇಡಿ” ಎಂದರು, ನನ್ನ ಗಂಡ ತೀರಿಕೊಂಡದ್ದು ಗೊತ್ತಿದ್ದೂ.

ಆಂಟಿ ನನ್ನ ಕಡೆ ತಿರುಗಿದರು. “ನಿಮ್ಮ ಚೀನಾದವರಲ್ಲಿ ಮದ್ವೆಯಾದ ಮಗಳಿಗೆ ಎಷ್ಟು ದಿನಮ್ಮ?”

ಆ ಮನೆಯಲ್ಲಿ ಉತ್ತರ ಬೇಕಾಗಿ ಯಾರಾದರೂ ಕೇಳಿದ ಪ್ರಶ್ನೆ ಅದೊಂದೇ. ಉತ್ತರ ನನಗೆ ಗೊತ್ತಿತ್ತು, ಗೊತ್ತಿಲ್ಲದಿದ್ದರೇ ಚೆನ್ನಾಗಿತ್ತು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಅಲ್ಲೂ ಕಡಿಮೆ ಮಾಡ್ತಾರೆ ಆಂಟಿ, ಗಂಡನ ಮನೆಗೆ ಸೇರಿದವಳು ಅಂತ. ಕಡಿಮೆ ಮಾಡಿದ್ರೂ ಒಂದು ವರ್ಷ.”

“ನೋಡಿದ್ಯಾ, ಅಲ್ಲೂ ಕಡಿಮೇನೇ!” ಅಂಕಲ್ ತೊಡೆ ತಟ್ಟಿಕೊಂಡರು. ಮಾತಿನ ಮೊದಲರ್ಧ ಮಾತ್ರ ಅವರ ಕಿವಿಗೆ ಬಿದ್ದಿತ್ತು. “ನಮ್ಮಲ್ಲಿರೋದೇ ಅಲ್ಲೂ ಇರೋದು ಅಂತ ನಾನು ಹೇಳ್ಲಿಲ್ವಾ?”

“ಒಂದು ವರ್ಷ” ಎಂದರು ಆಂಟಿ ಮೆಲ್ಲಗೆ. “ನಾನು ಇವರ ಹತ್ರ ಒಂದು ವಾರ ಕೇಳ್ದೆ.”

ಕಾಫಿ ಇಡುತ್ತೀಯಾ ಎಂದು ಅಂಕಲ್ ಕೇಳಿದರು. ಆಂಟಿ ಮೇಲೆ ಹೋಗಿ ಕಾಫಿಗಿಟ್ಟರು.

ಮುಂದಿನ ಭಾನುವಾರ ಗುಂಪಿನ ವಾಟ್ಸಾಪಿಗೆ ಗೃಹಪ್ರವೇಶದ ಫೋಟೋ ಬಂತು. ಆಂಟಿ ರೇಷ್ಮೆ ಸೀರೆಯುಟ್ಟು ಒಲೆಯ ಮುಂದೆ ನಿಂತು, ಕ್ಯಾಮೆರಾಕ್ಕೆ ಬೇಕಾದಷ್ಟು ನಕ್ಕಿದ್ದರು. ಮರುದಿನ ಮೈಸೂರಿನಲ್ಲಿ ಹದಿಮೂರನೇ ದಿನ. ಗುಂಪಿನವರೆಲ್ಲ ಫೋಟೋದ ಕೆಳಗೆ ಕೈಮುಗಿದಿದ್ದರು.

ಎರಡು ವಾರದ ಮೇಲೆ ಅಂಕಲ್ ಫೋನ್ ಮಾಡಿ, ಮುಂದಿನ ಸಲ ಯಾವ ಪದ ಎಂದು ಕೇಳಿದರು. ಶ್ಯಾವ್, ಹೆತ್ತವರ ಮೇಲಿನ ಭಕ್ತಿ ಎಂದೆ, ಹಲ್ಲು ಕಚ್ಚಿಕೊಂಡು. ಅವರಿಗೆ ಬಹಳ ಖುಷಿಯಾಯಿತು. ಈಗಿನ ಮಕ್ಕಳು ಕಲಿಯಬೇಕಾದ್ದೇ ಅದು, ಮಗಳು ಅಳಿಯನನ್ನೂ ಕರೆಸುತ್ತೇನೆ ಎಂದರು.

“ಆಂಟಿ ಆಮೇಲಾದ್ರೂ ಹೋಗ್ಬಂದ್ರಾ?” ಎಂದೆ.

“ಎಲ್ಲಿಗೆ?” ಎಂದರು.