ಹಿಂದಿನ ಆಕ್ಸಲ್‌ನ ಶಿಳ್ಳೆ

“ಗಾಡಿ ಸುಳ್ಳು ಹೇಳಲ್ಲ ಕಣ್ರೀ. ಹೇಳೋದು ಯಾವಾಗಲೂ ಗಾಡಿಯೊಳಗೆ ಕೂತವನೇ. ‘ಹಿಂದೆ ಏನೋ ಸದ್ದು’ ಅಂತ ಬಂದು ನಿಂತ್ಕೊಂಡ್ರೆ ನಾನೇನು ಮಾಡ್ಲಿ? ಎಂಥ ಸದ್ದು? ಎಕ್ಸಲೇಟರ್ ಒತ್ತಿದಾಗಲೋ, ಬಿಟ್ಟಾಗಲೋ? ಒತ್ತಿದಾಗ ಕುಂಯ್ ಅಂದ್ರೆ ಆಕ್ಸಲ್ ಒಳಗಿನ ಗೇರು ಜೋಡಿ, ಕ್ರೌನು ಪಿನಿಯನ್ನಿನ ಹಲ್ಲುಗಳು ಸರಿಯಾಗಿ ಕೂಡ್ತಿಲ್ಲ. ಒತ್ತಿದ್ರೂ ಬಿಟ್ರೂ ಒಂದೇ ಸಮ ಗುಡುಗುಡು ಅಂದ್ರೆ ಬೇರಿಂಗ್ ಹೋಗಿದೆ. ಎಡಕ್ಕೆ ತಿರುಗಿಸಿದಾಗ ಹೆಚ್ಚಾಯ್ತು ಅಂದ್ರೆ ಬಲಗಡೆ ಚಕ್ರದ್ದು ನೋಡ್ಬೇಕು. ಈಗಿನವರು ಇದಕ್ಕೆಲ್ಲ ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಗುರುತು ನೋಡ್ತಾರೆ. ಕಿವಿ ಇಲ್ಲದವರಿಗೆ ಬಣ್ಣ ಬೇಕು. ನನಗೆ ಈ ಉದ್ದನೆ ಸ್ಕ್ರೂಡ್ರೈವರ್ ಸಾಕು. ತುದಿ ಆಕ್ಸಲ್ ಮೇಲೆ, ಹಿಡಿ ಕಿವಿಗೆ. ಒಳಗೆ ಯಾರೋ ಕೂತು ಮಾತಾಡಿದಂಗೆ ಕೇಳುತ್ತೆ. ನಮ್ಮನೆಯೋಳು ಇದ್ದಾಗ ಅಂತಿದ್ಲು, ‘ಆಕ್ಸಲ್ ಪಿಸುಗುಟ್ಟಿದ್ದು ಕೇಳುತ್ತೆ, ನಾನು ಅಡುಗೆಮನೆಯಿಂದ ಕೂಗಿದ್ದು ಮಾತ್ರ ಕೇಳಲ್ಲ ನಿಮಗೆ’ ಅಂತ. ಅದಕ್ಕಿರೋದು ಬೇರೆ ಕಿವಿ ಕಣೇ ಅಂತಿದ್ದೆ.”

ಕಿವಿ ಮೇಸ್ತ್ರಿ ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದರೋ! ಗ್ಯಾರೇಜಿನ ಬಾಗಿಲಲ್ಲಿ ಹಳೆಯ ಟೈರುಗಳ ಮೇಲೆ ಹಲಗೆ ಹಾಕಿ ಮಾಡಿದ ಬೆಂಚೊಂದಿತ್ತು. ಗಾಡಿ ಬಿಟ್ಟವರು, ಬಿಡದವರು, ಸುಮ್ಮನೆ ಹೊತ್ತು ಕಳೆಯುವವರು ಅದರ ಮೇಲೆ ಕೂತು ಕೇಳುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೋರ್ಡಿನ ಮೇಲೆ ಬಿಸಿಲಿಗೆ ಮಾಸಿಹೋಗಿ, ಜನ ಕೊಟ್ಟ ಹೆಸರೇ ಉಳಿದಿತ್ತು. ತೀರಿಹೋದ ಹೆಂಡತಿಯ ತಮ್ಮ ಅದೇ ಗ್ಯಾರೇಜಿನಲ್ಲಿ ಇಂಜಿನ್ ಕೆಲಸ ನೋಡಿಕೊಳ್ಳುತ್ತಿದ್ದ. ಇಂಜಿನ್ ಭಾಮೈದನದು, ಹಿಂದಿನ ಆಕ್ಸಲ್ ಭಾವನದು. ಒಬ್ಬರ ಎಲ್ಲೆಯೊಳಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಪಕ್ಕದ ಬೀದಿಯ ಟೈಲರ್ ತನ್ನ ಕಾರನ್ನು ವಾಪಸ್ ತಂದ. ಅದರ ಆಕ್ಸಲ್ ಕೆಲಸ ಮುಗಿಸಿ ಕೊಟ್ಟು ಇನ್ನೂ ವಾರವಾಗಿರಲಿಲ್ಲ.

“ಮೇಸ್ತ್ರಿ, ಎಕ್ಸಲೇಟರ್ ಬಿಟ್ಟಾಗ ಸಣ್ಣಗೆ ಶಿಳ್ಳೆ ಹೊಡೆಯುತ್ತೆ.”

ಮೇಸ್ತ್ರಿ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದರು. ಶಿಳ್ಳೆಯೂ ಇಲ್ಲ, ಗಿಳ್ಳೆಯೂ ಇಲ್ಲ. ಬೆಂಚು ತುಂಬ ಜನ ಕೂತಿದ್ದರು. ಜನ ಕಂಡರೆ ಮೇಸ್ತ್ರಿಯ ನಾಲಿಗೆಗೆ ರೆಕ್ಕೆ ಬರುತ್ತಿತ್ತು.

“ಶಿಳ್ಳೆ ಗಾಡೀದಲ್ಲ ಸ್ವಾಮಿ, ನಿಮ್ಮ ಕಿವೀದು. ದಿನವಿಡೀ ಹೊಲಿಗೆ ಮಿಷನ್ ಮುಂದೆ ಕೂತವರಿಗೆ ಇನ್ನೇನು ಕೇಳ್ಸುತ್ತೆ? ಮನೆಗೆ ಹೋಗಿ ಎರಡು ಹನಿ ಎಣ್ಣೆ ಬಿಟ್ಕೊಳ್ಳಿ.”

ಬೆಂಚು ಘೊಳ್ಳೆಂದಿತು. ಟೈಲರ್ ಮುಖ ಸಣ್ಣದು ಮಾಡಿಕೊಂಡು, ಕಾರನ್ನು ಅಲ್ಲೇ ಬಿಟ್ಟು ನಡೆದುಹೋದ. ಭಾಮೈದ ಹತ್ತಿರ ಬಂದು, “ಭಾವ, ಒಂದ್ಸಲ ಬಿಚ್ಚಿ ನೋಡೋಣ್ವಾ?” ಅಂದ.

“ನಿನ್ನ ಇಂಜಿನ್ ನೀನು ನೋಡ್ಕೋ. ಇಲ್ಲಿ ಮೂಗು ತೂರಿಸ್ಬೇಡ,” ಎಂದರು ಮೇಸ್ತ್ರಿ, ಬೆಂಚಿಗೂ ಕೇಳುವ ಹಾಗೆ.

ಮಳೆ ಶುರುವಾಗುವ ಹೊತ್ತಿಗೆ ಮಗಳ ವ್ಯಾನಿನ ಸರದಿ ಬಂತು. ಅವಳು ಗುಡ್ಡದ ಮೇಲಿನ ಗಿಡಗಳ ನರ್ಸರಿಯಲ್ಲಿ ಕೆಲಸಕ್ಕಿದ್ದಳು. ಕುಂಡ, ಮಣ್ಣಿನ ಚೀಲ, ಸಸಿಗಳ ತಟ್ಟೆ ಎಲ್ಲವೂ ಆ ಹಳೇ ವ್ಯಾನಿನಲ್ಲೇ ದಿನಾ ಹತ್ತಬೇಕು, ಇಳಿಯಬೇಕು.

“ಅಪ್ಪ, ಹಿಂದೆ ಗುಡುಗುಡು ಅಂತಿದೆ. ಜೊತೆಗೆ ಏರಲ್ಲಿ ಲೋಡ್ ಇದ್ರೆ ಉಸಿರು ಬಿಟ್ಟುಬಿಡುತ್ತೆ. ಹಿಂದೆ ಬರೋ ಸೈಕಲ್‌ನವನೂ ನನ್ನ ಮುಂದೆ ಹೋಗಿ ಟಾಟಾ ಮಾಡ್ತಾನೆ.”

ಗುಡುಗುಡು ಮೇಸ್ತ್ರಿಗೂ ಕೇಳಿಸಿತು. ಬೇರಿಂಗ್‌ಗಳನ್ನೆಲ್ಲ ಬದಲಾಯಿಸುವುದು, ಹೇಗೂ ಬಿಚ್ಚಿದ ಮೇಲೆ ಕ್ರೌನು ಪಿನಿಯನ್ನೂ ಬೇರೆ ಜೋಡಿ ಹಾಕುವುದು ಎಂದು ತೀರ್ಮಾನವಾಯಿತು. “ಓಟ ಸ್ವಲ್ಪ ಕಮ್ಮಿ ಆಗುತ್ತೆ, ಎಳೆತ ಜಾಸ್ತಿ. ನೀನು ಹೋಗೋದು ಗುಡ್ಡಕ್ಕೆ ತಾನೆ, ರೇಸಿಗಲ್ಲವಲ್ಲ,” ಎಂದರು.

ಮಗಳ ಗಾಡಿ ಎಂದು ಮೈಯೆಲ್ಲ ಕೈಯಾಗಿ ದುಡಿದರು. ಒಳಗಿನ ಸುಟ್ಟೆಣ್ಣೆಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದರು. ಹೊಸ ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದನ್ನು ಅದರ ಹಿಂದೆ ಇಡುವ ಕಾಗದದಷ್ಟು ತೆಳುವಾದ ಬಿಲ್ಲೆಗಳು ನಿರ್ಧರಿಸುತ್ತವೆ. ಒಂದು ಬಿಲ್ಲೆ ಹೆಚ್ಚುಕಡಿಮೆಯಾದರೆ ಹಲ್ಲಿಗೆ ಹಲ್ಲು ಹೊಂದದು. ಅದಕ್ಕೇ ಬಣ್ಣ ಹಚ್ಚಿ ನೋಡುವುದು. ಮೇಸ್ತ್ರಿ ಕೈಯಲ್ಲಿ ತಿರುಗಿಸಿ, ಸ್ಕ್ರೂಡ್ರೈವರ್ ಕಿವಿಗಿಟ್ಟು, ಕಣ್ಣು ಮುಚ್ಚಿ ಆಲಿಸಿ, “ಆಯ್ತು” ಎಂದು ಮುಚ್ಚಿಬಿಟ್ಟರು.

ವ್ಯಾನು ಗುಡ್ಡವನ್ನು ನೀರು ಕುಡಿದಷ್ಟು ಸಲೀಸಾಗಿ ಏರಿತು. “ಬೆಣ್ಣೆ ಇದ್ದಂಗಿದೆ, ಅಲ್ವೇನೆ?” ಎಂದರು ಮೇಸ್ತ್ರಿ ಸ್ಟೀರಿಂಗ್ ತಟ್ಟುತ್ತ.

ಮಗಳು ಕಿಟಕಿಯ ಆಚೆ ನೋಡುತ್ತಿದ್ದಳು. “ಹೂಂ ಅಪ್ಪ. ಬೆಣ್ಣೆ.”

ಒಂದು ದಿನ ನರ್ಸರಿಗೆ ಭಾರದ ಕುಂಡಗಳು ಹೋಗಬೇಕಿತ್ತು. ಇಳಿಸಲು ಕೈಜೋಡಿಸೋಣವೆಂದು ಮೇಸ್ತ್ರಿಯೂ ಜೊತೆಗೆ ಹೊರಟರು. ಕೊನೆಯ ತಿರುವು ದಾಟಿದರೆ ನರ್ಸರಿಯ ಗೇಟು ಆಗಲೇ ತೆರೆದಿತ್ತು. ಪಕ್ಕದಲ್ಲಿ ಗೇಟಿನವನು, ಅವನ ಪಕ್ಕದಲ್ಲಿ ಅವನ ನಾಯಿ.

“ನಾವು ಬರೋದು ನಿನಗೆ ಹೆಂಗಪ್ಪ ಗೊತ್ತಾಯ್ತು?” ಮೇಸ್ತ್ರಿ ತಲೆ ಹೊರಗೆ ಹಾಕಿ ಕೇಳಿದರು.

“ಗೊತ್ತಾಗದೆ ಏನು ಯಜಮಾನ್ರೆ! ಈ ಶಿಳ್ಳೆ ಕೆಳಗಿನ ಸೇತುವೆಯಿಂದಲೇ ಕೇಳ್ಸುತ್ತೆ. ನಾಯಿ ನನಗಿಂತ ಮುಂಚೆ ಎದ್ದು ಬರುತ್ತೆ. ಯಾವ ಪುಣ್ಯಾತ್ಮ ಹಾಕ್ಕೊಟ್ಟ ಗೇರೋ! ಅಕ್ಕಂಗೆ ಎಷ್ಟು ಸಲ ಹೇಳಿದ್ದೀನಿ, ಅವನ ಹತ್ರಾನೇ ತಗೊಂಡು ಹೋಗಿ ಮುಖಕ್ಕೆ ಹಿಡೀರಿ ಅಂತ…”

“ಅಣ್ಣ, ಸಾಕು ಬಿಡಿ,” ಎಂದಳು ಮಗಳು.

ಮೇಸ್ತ್ರಿ ತಲೆ ಒಳಗೆ ಎಳೆದುಕೊಂಡರು. ಆಗ ಕಣ್ಣಿಗೆ ಬಿದ್ದದ್ದು ಸ್ಟೀರಿಂಗ್ ಪಕ್ಕದ ಗೂಡಿನಲ್ಲಿದ್ದ ಎರಡು ಹತ್ತಿ ಉಂಡೆಗಳು. ಇವತ್ತು ಅಪ್ಪ ಪಕ್ಕದಲ್ಲಿ ಕೂತಿದ್ದಾರೆಂದು ಅವಳು ಅವನ್ನು ಕಿವಿಗೆ ಇಟ್ಟುಕೊಂಡಿರಲಿಲ್ಲ.

“ಯಾವಾಗಿಂದ?”

“ಮೊದಲ ದಿನದಿಂದ.”

“ನಿನ್ನ ಮಾವಂಗೂ ಗೊತ್ತಾ?”

ಅವಳು ಗೇರ್ ಹಾಕಿ ವ್ಯಾನನ್ನು ಗೇಟಿನೊಳಗೆ ತಂದಳು. “ಗೊತ್ತು. ಟೈಲರ್ ಕಾರನ್ನೂ ಮಾವನೇ ಬಿಚ್ಚಿ ಸರಿ ಮಾಡಿದ್ರು, ನೀನು ಸಾಮಾನು ತರೋಕೆ ಹೋದ ದಿನ. ಅವತ್ತು ಮಾವನ ಮೇಲೆ ರೇಗಿದ ರಾತ್ರಿ ನೀನು ಊಟ ಬಿಟ್ಟು ಮಲಗಿದ್ದೆ. ಭಾವಂಗೆ ಹೇಳೋದು ಬೇಡ, ತಡ್ಕೊಳ್ಳಲ್ಲ ಅಂದ್ರು ಮಾವ.”

ಗುಡುಗುಡು ಕೇಳುತ್ತಿದ್ದ ಕಿವಿ ಸಣ್ಣ ದನಿಯ ವಿಷಯದಲ್ಲಿ ಯಾವತ್ತೋ ಕೈಕೊಟ್ಟಿತ್ತು. ಅದಕ್ಕಿಂತ ಮೇಸ್ತ್ರಿಯನ್ನು ಸುಟ್ಟದ್ದು ಬೇರೆ. ಇಷ್ಟು ದಿನ ಬೆಂಚಿನ ಎದುರು ಮೀಸೆ ತಿರುವುತ್ತಿದ್ದಾಗ, ಹಿಂದೆ ಭಾಮೈದ ಕದ್ದು ಕದ್ದು ಇವರ ತಪ್ಪು ತಿದ್ದುತ್ತಿದ್ದ, ಮಗುವಿನ ಚಡ್ಡಿ ಒದ್ದೆಯಾದದ್ದನ್ನು ನೆಂಟರಿಗೆ ಕಾಣದಂತೆ ಬದಲಾಯಿಸುವ ತಾಯಿಯ ಹಾಗೆ. ಕುಂಡ ಇಳಿಸುವಾಗ ಮೇಸ್ತ್ರಿ ಯಾರ ಮುಖವನ್ನೂ ನೋಡಲಿಲ್ಲ. ನಾಯಿ ಬಂದು ಕೈ ಮೂಸಿದರೂ ಕೈ ಹಿಂದೆಗೆದುಕೊಂಡರು.

ಗ್ಯಾರೇಜಿಗೆ ವಾಪಸಾದ ಮೇಸ್ತ್ರಿ ಭಾಮೈದನ ಬೆನ್ನ ಹಿಂದೆ ನಿಂತರು. “ಬಣ್ಣದ ಡಬ್ಬಿ ಎಲ್ಲಿಟ್ಟಿದ್ದೀಯ?”

ಭಾಮೈದ ತಿರುಗಿದ. ಭಾವನ ಮುಖ ನೋಡಿ ಡಬ್ಬಿ ತಂದುಕೊಟ್ಟ. ಇಬ್ಬರೂ ಸೇರಿ ಆಕ್ಸಲ್ ಬಿಚ್ಚಿದರು. ಹಳದಿ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳದೆ ಮೇಲಂಚಿಗೆ ಬಿದ್ದಿತ್ತು. ದಾರಿಯಲ್ಲಿ ಹೋಗುವವರಿಗೂ ತಿಳಿಯುವಂಥ ತಪ್ಪು.

“ಪಿನಿಯನ್ ಕೂದಲೆಳೆಯಷ್ಟು ಹಿಂದೆ ಕೂತಿದೆ,” ಎಂದರು ಮೇಸ್ತ್ರಿ. ಆಮೇಲೆ, ತಾವು ಯಾವತ್ತೂ ಕೇಳದ ಮಾತು ಕೇಳಿದರು: “ನಿನಗೆ ಏನನ್ಸುತ್ತೆ? ಇನ್ನೊಂದು ತೆಳು ಬಿಲ್ಲೆ ಹಾಕೋಣ್ವಾ?”

“ಹಾಕೋಣ ಭಾವ.”

ಈ ಸಲ ಮಗಳ ಕೈಗೆ ಸ್ಟೀರಿಂಗ್ ಕೊಟ್ಟರು. “ನನ್ನ ಮುಖ ನೋಡ್ಬೇಡ. ರಸ್ತೆ ನೋಡ್ಕೊಂಡು ಹೇಳು.”

“ಒತ್ತಿದಾಗ ಇಲ್ಲ.” ಅವಳು ಕಾಲು ಸಡಿಲಿಸಿದಳು. “ಬಿಟ್ಟಾಗ… ಒಂಚೂರು ಇದೆ ಅಪ್ಪ.”

ಮೇಸ್ತ್ರಿಗೆ ಚುರ್ ಎಂದಿತು. ಆದರೂ, “ತಿರುಗಿಸು. ಮತ್ತೆ ಬಿಚ್ಚೋಣ,” ಎಂದರು. ಎರಡನೇ ಸಲ ಬಿಚ್ಚಿ ಕೂರಿಸಿದ ಮೇಲೆ ಗುರುತು ಹಲ್ಲಿನ ಹೊಟ್ಟೆಯ ಮೇಲೆ ಸರಿಯಾಗಿ ಬಿತ್ತು. ವ್ಯಾನು ಸುಮ್ಮನಾಯಿತು ಎಂದು ಮಗಳು ಹೇಳಿದಳು. ಇವರು ನಂಬಿದರು.

ಉಳಿದದ್ದು ಟೈಲರ್. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಮೇಸ್ತ್ರಿ ಒಳಗೆ ಹೋದರು. ಟೈಲರ್ ಅಂಗಿಯೊಂದಕ್ಕೆ ಕಾಜಾ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ.

“ಅವತ್ತು ನಿಮ್ಮ ಕಿವಿ ಸರಿಯಾಗೇ ಇತ್ತು. ಹೋಗಿರೋದು ನಂದು. ತಪ್ಪಾಯ್ತು.”

ಟೈಲರ್ ದಾರ ಕಚ್ಚಿ ತುಂಡರಿಸಿದ. “ಅವತ್ತು ಬೆಂಚು ತುಂಬ ಜನರ ಮುಂದೆ ಅಂದ್ರಿ. ಇವತ್ತು ನಾನೊಬ್ಬನೇ ಇರೋದು ನೋಡ್ಕೊಂಡು ಬಂದಿದ್ದೀರಿ.”

ಮೇಸ್ತ್ರಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಿಜಕ್ಕೂ ಎರಡು ಸಲ ಬಾಗಿಲವರೆಗೆ ಬಂದು, ಗಿರಾಕಿಗಳನ್ನು ಕಂಡು, ಮುಂದಕ್ಕೆ ನಡೆದುಬಿಟ್ಟಿದ್ದರು.

“ನಾಳೆ ಬೆಳಗ್ಗೆ ಗ್ಯಾರೇಜಿಗೆ ಬನ್ನಿ,” ಎಂದರು.

ಟೈಲರ್ ಬಂದ. ಬೆಂಚು ತುಂಬಿತ್ತು. ಮೇಸ್ತ್ರಿ ಎದ್ದು ನಿಂತರು. ದಿನವೂ ಮಾತಾಡುವ ಜಾಗ, ಆದರೆ ನಾಲಿಗೆ ಒಣಗಿತ್ತು. “ಇವರ ಕಾರು ಶಿಳ್ಳೆ ಹೊಡೀತಿದ್ದದ್ದು ನಿಜ. ನಾನು ಜೋಡಿಸಿದ್ದು ತಪ್ಪಾಗಿತ್ತು. ನನಗೆ ಸಣ್ಣ ಸದ್ದು ಕೇಳಲ್ಲ. ಇವರನ್ನ ನಗೆಪಾಟಲು ಮಾಡ್ದೆ. ಸರಿ ಮಾಡಿದ್ದು ನನ್ನ ಭಾಮೈದ. ಅವನನ್ನೂ ಬೈದೆ. ಇನ್ಮೇಲೆ ನಾನೂ ಬಣ್ಣ ಹಚ್ಚಿ ನೋಡೇ ಜೋಡಿಸೋದು.”

ಮೂಲೆಯಲ್ಲಿದ್ದ ಲಾರಿ ಡ್ರೈವರ್, “ಹಾಗಾದ್ರೆ ಇನ್ಮೇಲೆ ಕಣ್ಣು ಮೇಸ್ತ್ರಿ ಅನ್ನೋಣ್ವಾ?” ಎಂದ. ಒಂದಿಬ್ಬರು ನಕ್ಕರು. ಮೇಸ್ತ್ರಿಗೆ ನಗು ಬರಲಿಲ್ಲ. ನಗಬೇಡಿ ಎನ್ನುವ ಹಕ್ಕೂ ತಮಗಿಲ್ಲ ಅನ್ನಿಸಿತು.

ಟೈಲರ್ ಏನೋ ಹೇಳಿದ. ತುಟಿ ಅಲುಗಿದ್ದಷ್ಟೇ ಕಂಡಿತು. ಹಿಂದೆಯಾಗಿದ್ದರೆ ಮೇಸ್ತ್ರಿ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದರು.

“ಏನಂದ್ರಿ? ಕೇಳ್ಸಲಿಲ್ಲ.”

“ಆಯಿಲ್ ಬದಲಾಯಿಸೋದು ಯಾವಾಗ ಅಂದೆ,” ಎಂದ ಟೈಲರ್ ಜೋರಾಗಿ. ಅವನ ಮುಖದಲ್ಲಿ ನಗುವಿರಲಿಲ್ಲ. ಕಾರಿನ ಕೀಲಿಯನ್ನು ಮಾತ್ರ ಹಲಗೆಯ ಮೇಲೆ ಇಟ್ಟಿದ್ದ.

“ಇವತ್ತೇ ಮಾಡಿಕೊಡ್ತೀವಿ,” ಎಂದು ಮೇಸ್ತ್ರಿ ಭಾಮೈದನ ಕಡೆ ನೋಡಿದರು. ಅವನು ತಲೆಯಾಡಿಸಿದ.

ಸಂಜೆ ಮನೆಯ ಹಿತ್ತಲಲ್ಲಿ ಮೇಸ್ತ್ರಿ ಕೆಲಸದ ಬಟ್ಟೆಗಳನ್ನು ಬಕೆಟ್ಟಿಗೆ ಹಾಕಿ, ಸೋಪಿನಪುಡಿ ಉದುರಿಸಿ, ನೀರು ಬಿಟ್ಟರು. ಅಂಗಿಯ ತೋಳಿನ ಎಣ್ಣೆಕಲೆಗೆ ಬ್ರಷ್ಷು ಹಾಕಿ ಉಜ್ಜಿದರು. ಕಲೆ ತೆಳುವಾಯಿತು, ಪೂರ್ತಿ ಹೋಗಲಿಲ್ಲ. ಒಳಗಿನಿಂದ ಮಗಳು ಏನೋ ಕೂಗಿದಳು. “ಏನಮ್ಮ?” ಎಂದರು. ಅವಳು ಬಾಗಿಲಿಗೇ ಬಂದು, “ನನ್ನ ಏಪ್ರನ್ನೂ ನೆನೆಸಿಬಿಡು ಅಂದೆ ಅಪ್ಪ,” ಎಂದು ಮಣ್ಣಾದ ಏಪ್ರನ್ ಎಸೆದಳು. ಮೇಸ್ತ್ರಿ ಅದನ್ನು ಹಿಡಿದು, ಒಮ್ಮೆ ಕೊಡವಿ, ನೀರಿಗೆ ಅದ್ದಿದರು.