ತೆಲುಗು ಕೇಸಿಗೆ ಹೋಗುವ ಕೈ

ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಎಡಕ್ಕೆ ಕನ್ನಡದ ಮೊಳೆಗಳ ಕೇಸು ಎಂಬ ಮರದ ಖಾನೆಪೆಟ್ಟಿಗೆ, ಬಲಕ್ಕೆ ತೆಲುಗಿನದು. ನಮ್ಮ ಕಡೆ ಲಗ್ನಪತ್ರಿಕೆ ಎಂದರೆ ಎರಡೂ ಬೇಕು. ಲಿಪಿಗಳೋ ಅಕ್ಕತಂಗಿಯರ ಹಾಗೆ. ತಲೆಕಟ್ಟು ನೋಡಿಯೇ ಗುರುತು ಹಿಡಿಯಬೇಕು. ಆ ವರ್ಷ ನನ್ನ ಕೈಗೆ ಅದೇನು ಬಂದಿತ್ತೋ, ಕನ್ನಡದ ಸಾಲಿನ ನಡುವೆ ತೆಲುಗಿನ ‘ತ’ ಬಂದು ಕೂತಿರುತ್ತಿತ್ತು.

ಮೂರನೆಯ ಸಲ ಸಿಕ್ಕಿಬಿದ್ದಾಗ ಮಾಲೀಕರು, “ಇನ್ನೊಂದು ತೆಲುಗು ಮೊಳಿ ಕಂಡ್ರ ನಾಳಿಂದ ಬರಬ್ಯಾಡ” ಅಂದರು. ಸಿರುಗುಪ್ಪದಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಹುಡುಗನಿಗೆ ಕೆಲಸ ಇದೆ ಎಂಬ ಒಂದೇ ಕಾರಣಕ್ಕೆ ಹೆಣ್ಣಿನ ಕಡೆಯವರು ಒಪ್ಪಿದ್ದರು. ಕೆಲಸ ಹೋದರೆ ಹೆಣ್ಣೂ ಹೋದಂತೆ. ಆಮೇಲೆ ಕೇಳಬೇಕೇ! ಕೇಸಿನ ಮುಂದೆ ನಿಂತರೆ ಸಾಕು, ಎದೆ ಡವಡವ. ಕಣ್ಣು ಒಂದು ಓದಿದರೆ ಕೈ ಇನ್ನೊಂದು ಎತ್ತುತ್ತಿತ್ತು. ಈ ಹಾಳು ಎದೆಯನ್ನು ಕಿತ್ತು ಬಿಸಾಕಲೇ ಅನ್ನಿಸುತ್ತಿತ್ತು.

ಮಷಿನ್ ಓಡಿಸುವ ಮುದುಕರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಕುರುಗೋಡಿನ ಹಕೀಮರ ಮಗ. ಒಂದು ದಿನ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು.

“ಗಡಿಯಾರದಂಗ ಬಡೀತೈತಲ್ಲೋ!”

“ಚಲೋ ಆತಲ್ರಿ ಚಾಚಾ” ಎಂದು ಹಿಗ್ಗಿದೆ.

“ಎಲ್ಲಿ ಚಲೋ, ಹುಚ್ಚಪ್ಪ! ಉಸ್ರು ಎಳಕೊಂಡಾಗ ನಾಡಿ ಚೂರು ಓಡಬೇಕು, ಬಿಟ್ಟಾಗ ಚೂರು ತಡೀಬೇಕು. ನಿಂದು ಹೆದರಿ ಒಂದೇ ಸಮ ಓಡಾಕತ್ತೈತಿ. ಅದು ಹಿಂಗ ಓಡಿದ್ರ ಮನಸು ಎಲ್ಲಿ ನಿಲ್ಲತೈತಿ? ಸಾವಕಾಶ ಉಸ್ರು ಬಿಡು, ಆಮ್ಯಾಲ ಮೊಳಿ ಎತ್ತು.”

ಮುಂದಿನ ವಾರ ಜೋಡಿಸಲು ಬಂದದ್ದು ನನ್ನದೇ ಲಗ್ನಪತ್ರಿಕೆಯ ಕನ್ನಡದ ಪುಟ. ಉಸಿರು ಬಿಟ್ಟು ಒಂದು ಮೊಳೆ, ಉಸಿರು ಬಿಟ್ಟು ಇನ್ನೊಂದು. ಊಟಕ್ಕೂ ಏಳಲಿಲ್ಲ. ಮಾಲೀಕರು ಪ್ರೂಫನ್ನು ಎರಡು ಸಲ ಓದಿದರು.

“ತೆಲುಗು ಒಂದೂ ಇಲ್ಲ” ಅಂದರು. ನಾನು ಇನ್ನೇನು ಕೈ ಮುಗಿಯಬೇಕು, ಅಷ್ಟರಲ್ಲಿ ಅವರೇ, “ಲೇ, ನೀನೂ ಇಲ್ಲಲ್ಲೋ! ಹುಡುಗಿ ಹೆಸರು ಐತಿ, ವರನ ಹೆಸರು ಎಲ್ಲೈತಿ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಉಸಿರು ಗಿಸಿರು ಎಲ್ಲ ಮರೆತು ಓಡಿಹೋಗಿ ಹೆಸರು ಸೇರಿಸಿ, ಹೊಸ ಪ್ರೂಫು ತೆಗೆದು ಕೊಟ್ಟೆ. ಕೊಟ್ಟ ಮೇಲೆ ಕಂಡಿತು: ನನ್ನ ಹೆಸರಿನ ಮೊದಲ ಅಕ್ಷರವೇ ತೆಲುಗಿನದು. ಮಾಲೀಕರಿಗೂ ಕಂಡಿತ್ತು, ಅವರ ಪೆನ್ಸಿಲ್ ಅದರ ಮೇಲೆಯೇ ನಿಂತಿತ್ತು. ತಲೆ ಎತ್ತಿ ನನ್ನ ಮುಖ ನೋಡಿದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಅವರು ಗುರುತು ಹಾಕದೆಯೇ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಚಾಚಾರ ಕಡೆ ತಿರುಗಿ, “ಅಚ್ಚು ಹೊಡೀರಿ” ಅಂದರು.