ಕಾಣವಲ್ದು ಅಂದವರು ಚಹಾ ಕುಡಿಸಬೇಕು

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಬ್ಯಾಡಗಿಯ ಒಂದು ಬಯಲಿನಲ್ಲಿ ನಾವು ಹತ್ತು ಜನ ಸಂಜೆ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದೆವು. ಆ ಕಡೆ ಐವರು, ಈ ಕಡೆ ಐವರು, ಎಲ್ಲರೂ ಐವತ್ತರ ಆಸುಪಾಸಿನವರು. ಹುಡುಗರೆಲ್ಲ ಕ್ರಿಕೆಟ್ಟಿನ ಹಿಂದೆ ಬಿದ್ದಿದ್ದರಿಂದ ಕೋರ್ಟು ನಮ್ಮ ಪಾಲಿಗೆ ಉಳಿದಿತ್ತು. ನಾನು ಗಣಿತದ ಮಾಸ್ತರ. ಬಯಲಿನಲ್ಲಿ ದೀಪ ಇರಲಿಲ್ಲ. ಹಳದಿ ಉಣ್ಣೆಯ ಚೆಂಡು ಕಾಣುವತನಕ ಆಟ.

ಎಲ್ಲಿಯತನಕ ಕಾಣುತ್ತದೆ ಎನ್ನುವುದೇ ದಿನದ ಜಗಳ. ಸೋಲುವವರಿಗೆ ಬೇಗ ಕತ್ತಲಾಗುತ್ತಿತ್ತು. ಗೆಲ್ಲುವವರಿಗೆ ಇನ್ನೂ ಪೇಪರ್ ಓದುವಷ್ಟು ಬೆಳಕಿರುತ್ತಿತ್ತು. ಈ ರಗಳೆ ಸಾಕಾಗಿ ನಾನೇ ಒಂದು ಕಾಯ್ದೆ ಮಾಡಿದೆ: ಚೆಂಡು ಕಾಣುತ್ತಿಲ್ಲವೆಂದು ಮೊದಲು ‘ಕಾಣವಲ್ದು’ ಅಂದವರು ಎಲ್ಲರಿಗೂ ಚಹಾ ಕುಡಿಸಬೇಕು. ಚಹಾಕ್ಕೆ ಯಾರೂ ಹೆದರಲಿಲ್ಲ. ಆ ಮಾತು ಅಂದರೆ ಮುದುಕನಾದೆ ಎಂದು ಒಪ್ಪಿಕೊಂಡಂತೆ, ಅದಕ್ಕೆ ಹೆದರಿದರು. ಹಾಗಾಗಿ ಚೆಂಡು ಹಣೆಗೆ ಬಡಿದರೂ ಆಡುತ್ತಿದ್ದೆವು. ಎದುರು ಪಕ್ಷದ ಮೆಣಸಿನಕಾಯಿ ದಲಾಲರು ಒಮ್ಮೆ ಹಾರುವ ಬಾವಲಿಗೆ ಬ್ಯಾಟು ಬೀಸಿದರು. ಆದರೂ ಆ ಮಾತು ಅವರ ಬಾಯಿಂದ ಬರಲಿಲ್ಲ. ಯಾರಾದರೂ ಅಪ್ಪಿತಪ್ಪಿ ಅಂದರೆ, “ರಿಟೈರ್ ಯಾವಾಗ್ರಿ?” ಎಂದು ಎಲ್ಲರಿಗಿಂತ ಮೊದಲು ಕಾಲೆಳೆಯುವವನು ನಾನೇ. ಇಂಥದ್ದರಲ್ಲಿ ನನ್ನ ನಾಲಿಗೆ ಬಹಳ ಚುರುಕು.

ಒಂದು ಚಳಿಗಾಲದಲ್ಲಿ ನನಗೆ ಚೆಂಡು ತಪ್ಪತೊಡಗಿತು. ಮಂಜು ಕವಿದಂತೆ ಕಾಣುತ್ತಿತ್ತು. ಪೇಟೆಯಲ್ಲಿ ಮೆಣಸಿನಕಾಯಿ ಸುಗ್ಗಿ, ಗಾಳಿಯಲ್ಲೆಲ್ಲ ಘಾಟು. ಬ್ಯಾಡಗಿಯಲ್ಲಿ ಕಣ್ಣಿಗೆ ಏನೇ ಆದರೂ ಮೊದಲು ಬೈಸಿಕೊಳ್ಳುವುದು ಮೆಣಸಿನಕಾಯಿ. “ಹಾವೇರಿಗೆ ಹೋಗಿ ಡಾಕ್ಟರಿಗೆ ತೋರಸ್ರಿ” ಎಂದು ಹೆಂಡತಿ ಹೇಳಿದಾಗೆಲ್ಲ, “ಸುಗ್ಗಿ ಮುಗೀಲಿ, ತಾನ ಸರಿಹೋಗ್ತೈತಿ” ಅನ್ನುತ್ತಿದ್ದೆ.

ಸುಗ್ಗಿ ಮುಗಿಯಿತು. ಮೊದಲ ಮಳೆ ಬಿದ್ದು ಗಾಳಿ ತೊಳೆದಂತಾಯಿತು. ಹಗಲು ಉದ್ದವಾಗುತ್ತಿತ್ತು, ನನಗೆ ಮಾತ್ರ ಸಂಜೆ ಬೇಗ ಬರುತ್ತಿತ್ತು. ಆಗ ನಿಜಕ್ಕೂ ಹೆದರಿಕೆಯಾಯಿತು. ಕಣ್ಣು ಹೋದೀತೆಂದಲ್ಲ, ಆಟದಿಂದ ಕೈಬಿಡುತ್ತಾರೆಂದು. ಶಾಲೆಯಲ್ಲಿ ಮಾಸ್ತರ, ಮನೆಯಲ್ಲಿ ಯಜಮಾನ. ಬರೀ ಗೆಳೆಯ ಅನ್ನಿಸಿಕೊಳ್ಳುತ್ತಿದ್ದುದು ಆ ಒಂದು ತಾಸು ಮಾತ್ರ. ಅದು ಹೋದರೆ ನನಗೆ ಬೇರೆ ಗತಿ ಇರಲಿಲ್ಲ.

ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಆಡುತ್ತಿದ್ದವರು ಪೇಟೆಯ ದರ್ಜಿ ಸಾಹೇಬರು. ಎಂದೂ ಮಾತಾಡದ ಆ ಮನುಷ್ಯ ಇತ್ತೀಚೆಗೆ ಪ್ರತಿ ಚೆಂಡಿಗೂ, “ನಿಮ್ದ್ರಿ, ಎಡಕ್ಕ”, “ನಿಮ್ದ್ರಿ, ಮ್ಯಾಲೆ” ಎಂದು ಕೂಗುತ್ತಿದ್ದರು. ಅವರ ದನಿ ಕೇಳಿ ನಾನು ಬ್ಯಾಟು ಬೀಸುತ್ತಿದ್ದೆ. ಸಾಹೇಬರಿಗೆ ಆಟದ ಹುಮ್ಮಸ್ಸು ಬಂದಿದೆ ಎಂದುಕೊಂಡಿದ್ದೆ. ನನ್ನ ಗುಟ್ಟು ಯಾರಿಗೂ ಗೊತ್ತಿಲ್ಲ ಎಂಬ ಜಂಬ ಬೇರೆ.

ಜೂನ್ ತಿಂಗಳ ಒಂದು ಸಂಜೆ ಅವರು “ನಂದ್ರಿ” ಅಂದದ್ದನ್ನು “ನಿಮ್ದ್ರಿ” ಎಂದು ಕೇಳಿಸಿಕೊಂಡು ಜೋರಾಗಿ ಬೀಸಿದೆ. ಬ್ಯಾಟು ಸಾಹೇಬರ ಮೊಣಕೈಗೆ ಬಡಿಯಿತು. ಅವರು ಕೈ ಹಿಡಿದುಕೊಂಡು ಕುಸಿದು ಕುಳಿತರು. ಹೊಲಿಯುವ ಕೈ. ಅವರು ಮೆಲ್ಲಗೆ ಬೆರಳು ಮಡಚಿ ಬಿಡಿಸಿ, “ಏನೂ ಆಗಿಲ್ರಿ” ಅಂದರು. ನನಗೆ ಇನ್ನು ಮುಚ್ಚಿಡುವುದು ಆಗಲಿಲ್ಲ.

“ಕಾಣವಲ್ದು” ಅಂದೆ.

ಬೇವಿನ ಮರದ ತುದಿಯಲ್ಲಿ ಇನ್ನೂ ಬಿಸಿಲಿತ್ತು. ದಲಾಲರು ಆಕಾಶ ನೋಡಿದರು, ಆಮೇಲೆ ನನ್ನನ್ನು ನೋಡಿದರು. ರಿಟೈರ್ ಯಾವಾಗ ಎಂದು ಕೇಳುತ್ತಾರೆಂದು ನಾನು ತಲೆ ತಗ್ಗಿಸಿ ನಿಂತೆ. ಕೇಳಿದರೆ ತಪ್ಪೂ ಇರಲಿಲ್ಲ.

ಸಾಹೇಬರು ಮೊಣಕೈ ತಿಕ್ಕಿಕೊಳ್ಳುತ್ತ ಎದ್ದರು. “ನನಗೂ ಕಾಣವಲ್ದ್ರಿ ಮಾಸ್ತರ” ಅಂದರು. ಸಂಜೆಯ ಮಬ್ಬಿನಲ್ಲೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವವರು ಅವರು.

“ಹೌದ್ರಿ, ಇವತ್ತು ಲಗೂನ ಕತ್ತಲಾತು” ಎಂದು ದಲಾಲರು ನೆಟ್ಟಿನ ಗಂಟು ಬಿಚ್ಚಲು ಹೋದರು. ಉಳಿದವರೂ ಒಬ್ಬೊಬ್ಬರಾಗಿ, ನನಗೂ ಕಾಣವಲ್ದು, ನನಗೂ ಕಾಣವಲ್ದು ಅನ್ನುತ್ತ ಬ್ಯಾಟುಗಳನ್ನು ಕವರಿಗೆ ಹಾಕಿದರು. ಚಹಾದಂಗಡಿಯಲ್ಲಿ ದಲಾಲರು, “ನಾಳಿಂದ ಐದಕ್ಕ ಚಾಲೂ ಮಾಡೂಣ್ರಿ, ಆರಕ್ಕ ಬ್ಯಾಡ” ಅಂದರು.

ದೀಪಾವಳಿಯ ನಂತರ ಹಾವೇರಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡೆ, ಆಮೇಲೂ ಬಹಳ ವರ್ಷ ಆಡಿದೆ. ಆದರೆ ನನಗೆ ನೆನಪಾಗುವುದು ಆ ಚಹಾದ ಮರುದಿನ. ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಬಿಟ್ಟು ಯಾರು ಬರುತ್ತಾರೆ ಎಂದು ಅನುಮಾನಪಡುತ್ತಲೇ ಐದಕ್ಕೆ ಬಯಲಿಗೆ ಹೋದೆ. ಒಂಬತ್ತೂ ಜನ ನೆಟ್ ಕಟ್ಟಿಕೊಂಡು ನಿಂತಿದ್ದರು. ಸಾಹೇಬರು ಅಂಗಡಿ ಮುಚ್ಚಿದ ಅವಸರದಲ್ಲಿ ಅಳತೆ ಟೇಪು ತೆಗೆಯುವುದನ್ನೇ ಮರೆತಿದ್ದರು. ಅದು ಅವರ ಕೊರಳಲ್ಲಿ ನೇತಾಡುವುದು ಆ ಬಿಸಿಲಿನಲ್ಲಿ ನನಗೆ ದೂರದಿಂದಲೇ ಕಾಣುತ್ತಿತ್ತು.